ಸೈಕಲ್ಲಿನಿಂದ ಇಳಿಯುವ ವಯಸ್ಸು

ಸೈಕಲ್ಲಿನ ಚರಿತ್ರೆ ಬರೆದವರ ಗಮನವೆಲ್ಲ ಅದನ್ನು ಹತ್ತಿದವರ ಮೇಲೆಯೇ ಇದೆ. ಯಂತ್ರವನ್ನು ಯಾರು ರೂಪಿಸಿದರು, ಅದು ಯಾವ ವರ್ಷ ಯಾವ ಊರನ್ನು ಮುಟ್ಟಿತು, ಹೆಂಗಸರು ಅದನ್ನು ಏರಿದಾಗ ಸಮಾಜ ಏನೆಂದಿತು, ಕೂಲಿಯವನ ಸಂಪಾದನೆಗೆ ಅದು ಎಂದು ಎಟುಕಿತು ಎಂಬ ಪ್ರಶ್ನೆಗಳಿಗೆ ಗ್ರಂಥಾಲಯಗಳಲ್ಲಿ ಬೇಕಾದಷ್ಟು ಉತ್ತರಗಳಿವೆ. ಹತ್ತಿದವರಲ್ಲಿ ಬಹುಪಾಲು ಜನ ಮೊಣಕಾಲು, ಕಣ್ಣು, ಎದೆ ಅಥವಾ ಸಮತೋಲ ಕೈಕೊಟ್ಟ ಒಂದು ದಿನ ಸೈಕಲ್ಲನ್ನು ಗೋಡೆಗೆ ಒರಗಿಸಿ ಮತ್ತೆ ತೆಗೆಯಲಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದರೂ, ಆ ಬಿಡುವಿಕೆಗೆ ದಾಖಲೆ ಇಲ್ಲ. ಇದಕ್ಕೆ ಕಾರಣ ಸರಳವಾಗಿದೆ: ಮೋಟಾರು ಓಡಿಸುವವನ ಪರವಾನಗಿಯನ್ನು ಸರ್ಕಾರ ಕೊಡುತ್ತದೆ, ನವೀಕರಿಸುತ್ತದೆ, ವಯಸ್ಸಾದಾಗ ವೈದ್ಯರ ಪ್ರಮಾಣಪತ್ರ ಕೇಳುತ್ತದೆ, ಸೈಕಲ್ ತುಳಿಯುವವನಿಗೆ ಅಂಥ ಪರವಾನಗಿ ಬೇಕಾಗಿರಲಿಲ್ಲವಾದ್ದರಿಂದ ಅದನ್ನು ಕಿತ್ತುಕೊಳ್ಳುವ ಅಧಿಕಾರಿಯೂ ಹುಟ್ಟಲಿಲ್ಲ. ನಮ್ಮ ಕಡೆಯ ಪುರಸಭೆಗಳು ಒಂದು ಕಾಲದಲ್ಲಿ ವರ್ಷಕ್ಕೊಮ್ಮೆ ಸುಂಕ ಕಟ್ಟಿಸಿಕೊಂಡು ಸೈಕಲ್ಲಿಗೆ ಬಿಲ್ಲೆ ಕೊಡುತ್ತಿದ್ದವು, ಆದರೆ ಆ ಬಿಲ್ಲೆ ವಾಹನದ್ದೇ ಹೊರತು ಸವಾರನದ್ದಲ್ಲ. ಅಪ್ಪ ಬಿಟ್ಟ ಸೈಕಲ್ಲನ್ನು ಮಗ ತುಳಿದರೆ ಕಚೇರಿಯ ಪುಸ್ತಕದಲ್ಲಿ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ.

ಹಾಗೆಂದು ಈ ಚರಿತ್ರೆ ಪೂರ್ತಿಯಾಗಿ ಅಳಿಸಿಹೋಗಿಲ್ಲ. ಅದು ಯಂತ್ರದ ಆಕಾರದಲ್ಲಿ, ವೈದ್ಯರ ಬರಹಗಳಲ್ಲಿ, ಪಂದ್ಯಗಳ ನಿಯಮಗಳಲ್ಲಿ ಚೂರುಚೂರಾಗಿ ಉಳಿದುಕೊಂಡಿದೆ. ಆ ಚೂರುಗಳನ್ನು ಜೋಡಿಸಿದಾಗ ಕಾಣುವುದೇನೆಂದರೆ, ಸೈಕಲ್ ಬಿಡುವ ವಯಸ್ಸನ್ನು ದೇಹವೊಂದೇ ಎಂದೂ ನಿರ್ಧರಿಸಿಲ್ಲ. ಸೀಟು ನೆಲದಿಂದ ಎಷ್ಟು ಎತ್ತರದಲ್ಲಿದೆ, ದಾರಿಯಲ್ಲಿ ಇನ್ನೇನೇನು ಓಡುತ್ತದೆ, ಸುಲಭದ ಯಂತ್ರವನ್ನು ಏರಿದವನನ್ನು ನೆರೆಹೊರೆ ಯಾವ ಕಣ್ಣಿನಿಂದ ನೋಡುತ್ತದೆ ಎಂಬ ಮೂರು ಸಂಗತಿಗಳು ದೇಹದಷ್ಟೇ, ಕೆಲವೊಮ್ಮೆ ದೇಹಕ್ಕಿಂತ ಹೆಚ್ಚಾಗಿ, ಆ ಗೆರೆಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿವೆ.

1870ರ ದಶಕದ ಇಂಗ್ಲೆಂಡಿನಲ್ಲಿ ಈ ಗೆರೆ ಬಹಳ ಬೇಗ ಬರುತ್ತಿತ್ತು. ಆಗ ಚಲಾವಣೆಯಲ್ಲಿದ್ದ ಎತ್ತರದ ಸೈಕಲ್ಲಿನಲ್ಲಿ ಪೆಡಲುಗಳನ್ನು ಮುಂದಿನ ಚಕ್ರದ ಅಚ್ಚಿಗೇ ನೇರವಾಗಿ ಜೋಡಿಸಿದ್ದರಿಂದ ಪೆಡಲು ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು ತಿರುಗುತ್ತಿತ್ತು. ವೇಗ ಬೇಕೆಂದರೆ ಚಕ್ರವನ್ನೇ ದೊಡ್ಡದು ಮಾಡಬೇಕಾಗಿತ್ತು, ಹಾಗಾಗಿ ಸವಾರನ ಕಾಲು ಎಷ್ಟು ಉದ್ದವಿದೆಯೋ ಅಷ್ಟು ದೊಡ್ಡ ಚಕ್ರ, ಕೆಲವೊಮ್ಮೆ ಐದಡಿ ವ್ಯಾಸದ್ದು, ಅವನ ಕೆಳಗೆ ನಿಲ್ಲುತ್ತಿತ್ತು. ಅದನ್ನು ಹತ್ತಲು ಹಿಂದಿನಿಂದ ತಳ್ಳುತ್ತಾ ಓಡಿ, ಬೆನ್ನುಗಂಬಿಯ ಮೇಲಿನ ಚಿಕ್ಕ ಮೆಟ್ಟಿಲಿಗೆ ಕಾಲಿಟ್ಟು, ವಾಹನ ಓಡುತ್ತಿರುವಾಗಲೇ ಸೀಟಿಗೆ ನೆಗೆಯಬೇಕಾಗಿತ್ತು. ಸೀಟು ಮುಂದಿನ ಅಚ್ಚಿಗೆ ಬಹುತೇಕ ನೇರ ಮೇಲಿದ್ದುದರಿಂದ ಚಕ್ರಕ್ಕೆ ಒಂದು ಕಲ್ಲು ಅಡ್ಡ ಬಂದರೂ ಸವಾರ ಹ್ಯಾಂಡಲ್ ದಾಟಿ ತಲೆಕೆಳಗಾಗಿ ನೆಲಕ್ಕೆ ಬೀಳುತ್ತಿದ್ದನು. ಇಂಥ ಬೀಳುವಿಕೆಗೆ ಅಲ್ಲಿನ ಸವಾರರು ‘ಹೆಡರ್’ ಎಂಬ ಹೆಸರನ್ನೇ ಇಟ್ಟಿದ್ದರು. ಇಪ್ಪತ್ತರ ಯುವಕನಿಗೆ ಇದು ಸಾಹಸ. ಸಂಸಾರ, ಹೊಟ್ಟೆ, ಗಟ್ಟಿಯಾದ ಸೊಂಟ ಎಲ್ಲವೂ ಬಂದ ನಡುವಯಸ್ಸಿನವನಿಗೆ ಇದು ಮುಗಿದ ಅಧ್ಯಾಯ. ಈ ಯಂತ್ರದ ಮಟ್ಟಿಗೆ ನಡುವಯಸ್ಸೇ ಮುಪ್ಪಾಗಿತ್ತು.

ಆ ಮುಪ್ಪಿಗೆ ಉತ್ತರವಾಗಿ ಬಂದದ್ದು ಮೂರು ಚಕ್ರದ ಸೈಕಲ್. ಹೊಲಿಗೆಯಂತ್ರಗಳ ಕಸುಬಿನಿಂದ ಬಂದು ಕಾವೆಂಟ್ರಿ ಪಟ್ಟಣವನ್ನು ಸೈಕಲ್ ತಯಾರಿಕೆಯ ಕೇಂದ್ರವಾಗಿಸಿದ ಜೇಮ್ಸ್ ಸ್ಟಾರ್ಲಿ 1876ರ ಹೊತ್ತಿಗೆ ಸನ್ನೆಗೋಲಿನಿಂದ ನಡೆಯುವ ತ್ರಿಚಕ್ರವೊಂದನ್ನೂ, 1877ರಲ್ಲಿ ‘ಸಾಲ್ವೊ’ ಎಂಬ ಇನ್ನೊಂದನ್ನೂ ಹೊರತಂದನು. ಎರಡನೆಯದರಲ್ಲಿ ಅವನು ಅಳವಡಿಸಿದ ಡಿಫರೆನ್ಷಿಯಲ್, ಅಂದರೆ ಒಂದೇ ಅಚ್ಚಿನ ಎರಡು ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಗಾಲಿಗಳ ಜೋಡಣೆ, ಮುಂದೆ ಮೋಟಾರು ಕಾರುಗಳಿಗೂ ಒದಗಿತು. ಈ ಜೋಡಣೆ ಅವನಿಗೆ ಹೊಳೆದ ಬಗೆಯನ್ನು ಕುರಿತು ಒಂದು ಕಥೆ ಪ್ರಚಲಿತವಾಗಿದೆ: ಅಕ್ಕಪಕ್ಕದಲ್ಲಿ ಇಬ್ಬರು ಕುಳಿತು ತುಳಿಯುವ ಗಾಡಿಯಲ್ಲಿ ಸ್ಟಾರ್ಲಿಯೂ ಅವನ ಮಗನೂ ಹೋಗುತ್ತಿದ್ದಾಗ, ಮಗನ ಎಳೆಯ ಕಾಲುಗಳ ಜೋರಿಗೆ ಅಪ್ಪನ ಕಾಲುಗಳು ಸಾಟಿಯಾಗದೆ ಗಾಡಿ ಒಂದು ಕಡೆಗೆ ಎಳೆದು ದಾರಿಬದಿಯ ತುರಿಕೆಗಿಡಗಳಿಗೆ ನುಗ್ಗಿತಂತೆ. ಕಥೆ ನಿಜವೋ ಕಟ್ಟಿದ್ದೋ, ಎರಡು ತಲೆಮಾರಿನ ಕಾಲಬಲದ ಅಂತರವೇ ಒಂದು ಯಂತ್ರಭಾಗದ ಹುಟ್ಟಿಗೆ ಕಾರಣವಾಯಿತೆಂದು ಆ ಕಾಲದವರಿಗೆ ತೋರಿದ್ದು ಗಮನಿಸಬೇಕಾದ ಸಂಗತಿ.

1881ರಲ್ಲಿ ಅರವತ್ತು ದಾಟಿದ್ದ ವಿಕ್ಟೋರಿಯಾ ರಾಣಿ ಎರಡು ಸಾಲ್ವೊಗಳನ್ನು ತರಿಸಿಕೊಂಡ ಮೇಲೆ ಮೂರು ಚಕ್ರಕ್ಕೆ ಮರ್ಯಾದೆಯೂ ಬಂದಿತು. ವೈದ್ಯರು, ಪಾದ್ರಿಗಳು, ನಿವೃತ್ತ ಸೇನಾಧಿಕಾರಿಗಳು, ಜಮೀನುದಾರರ ಮನೆಯ ಹೆಂಗಸರು ಅದರ ಗಿರಾಕಿಗಳಾದರು. ಬೆಲೆ ಹೆಚ್ಚು, ಇಡಲು ಗಾಡಿಮನೆ ಬೇಕು, ಆದ್ದರಿಂದ ತ್ರಿಚಕ್ರ ಇದ್ದವರು ಎರಡು ಚಕ್ರದ ಹುಡುಗರಿಂದ ತಮ್ಮನ್ನು ಬೇರೆಯೆಂದು ತೋರಿಸಿಕೊಳ್ಳಲು ಹವಣಿಸಿದರು. 1878ರಲ್ಲಿ ಸ್ಥಾಪನೆಯಾದ ಬೈಸಿಕಲ್ ಟೂರಿಂಗ್ ಕ್ಲಬ್ ಎಂಬ ಸಂಘವು ತ್ರಿಚಕ್ರ ಸವಾರರಿಗೂ ಬಾಗಿಲು ತೆರೆಯುವ ಸಲುವಾಗಿ 1883ರಲ್ಲಿ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ತನ್ನ ಹೆಸರನ್ನೇ ಬದಲಿಸಿಕೊಂಡಿತು. ಈ ವರ್ಗದ ವಕ್ತಾರರಂತಿದ್ದವರು 1828ರಲ್ಲಿ ಹುಟ್ಟಿದ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ಎಂಬ ಹೆಸರಾಂತ ವೈದ್ಯರು. ಐವತ್ತು ದಾಟಿದ ಮೇಲೂ ತ್ರಿಚಕ್ರವನ್ನು ತುಳಿಯುತ್ತಾ, ಅದರಿಂದ ಆರೋಗ್ಯಕ್ಕಾಗುವ ಲಾಭವನ್ನು ಕುರಿತು ಬರೆಯುತ್ತಾ, ಅವರು ಹಿರಿಯರಿಗೆ ಇದು ಹಿತವೆಂಬ ಮಾತಿಗೆ ವೈದ್ಯಶಾಸ್ತ್ರದ ಮುದ್ರೆ ಒತ್ತಿದರು. ಇವತ್ತು ವಯಸ್ಸಾದವರಿಗೆ ಮೂರು ಚಕ್ರದ ಸೈಕಲ್ಲನ್ನು ಸೂಚಿಸಿದರೆ ಮುಖ ಸಿಂಡರಿಸುವವರೇ ಹೆಚ್ಚು. ಸುಮಾರು ಒಂದೂವರೆ ಶತಮಾನದ ಹಿಂದೆ ಅದೇ ವಾಹನ ದೊಡ್ಡಸ್ತಿಕೆಯ ಗುರುತಾಗಿತ್ತೆಂಬುದನ್ನು ನೋಡಿದರೆ, ಈ ಅಳುಕಿನ ಬೇರು ದೇಹದಲ್ಲಿಲ್ಲ ಎನ್ನಬೇಕಾಗುತ್ತದೆ.

ಸ್ಟಾರ್ಲಿಯ ಅಣ್ಣನ ಅಥವಾ ತಮ್ಮನ ಮಗನಾದ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ‘ರೋವರ್’ ಹೆಸರಿನ ಸುರಕ್ಷಾ ಸೈಕಲ್ಲನ್ನು ಹೊರತಂದ ಮೇಲೆ ಚಿತ್ರ ಬದಲಾಯಿತು. ಎರಡೂ ಚಕ್ರಗಳು ಹೆಚ್ಚುಕಡಿಮೆ ಒಂದೇ ಅಳತೆಯವಾಗಿ, ತುಳಿತದ ಬಲವು ಚೈನಿನ ಮೂಲಕ ಹಿಂದಿನ ಚಕ್ರಕ್ಕೆ ಹೋಗಿ, ಸವಾರನ ಕಾಲು ನೆಲಕ್ಕೆ ಎಟುಕುವಂತಾದ ಈ ಯಂತ್ರಕ್ಕೆ 1888ರಲ್ಲಿ ಡನ್‌ಲಪ್‌ನ ಗಾಳಿ ತುಂಬಿದ ಟೈರೂ ಸೇರಿದಾಗ, ಎತ್ತರದ ಚಕ್ರವೂ ಭಾರದ ತ್ರಿಚಕ್ರವೂ ಹತ್ತು ವರ್ಷಗಳೊಳಗೆ ಮೂಲೆ ಸೇರಿದವು. ಮೊದಲ ಬಾರಿಗೆ ಇಳಿವಯಸ್ಸಿನಲ್ಲಿ ಹೊಸದಾಗಿ ಕಲಿಯುವವರು ಕಾಣಿಸಿಕೊಂಡರು. ಅಮೆರಿಕದ ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ 53ನೆಯ ವಯಸ್ಸಿನಲ್ಲಿ, ಆರೋಗ್ಯ ಕುಸಿದಿದ್ದ ಕಾಲದಲ್ಲಿ, ಸೈಕಲ್ ಕಲಿತು ಆ ಕಲಿಕೆಯನ್ನು ಕುರಿತೇ 1895ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಅದೇ ವರ್ಷ ಲಿಯೊ ಟಾಲ್‌ಸ್ಟಾಯ್, ಇನ್ನೂ ಏಳು ತುಂಬದ ಕಿರಿಯ ಮಗನನ್ನು ಕಳೆದುಕೊಂಡ ದುಃಖದ ಬೆನ್ನಿಗೇ, 66ನೆಯ ವಯಸ್ಸಿನಲ್ಲಿ ಮಾಸ್ಕೋದಲ್ಲಿ ಸೈಕಲ್ ಹತ್ತಿದರು. ಋಷಿಯೆಂದು ಅವರನ್ನು ಪೂಜಿಸುತ್ತಿದ್ದ ಅನುಯಾಯಿಗಳಲ್ಲಿ ಕೆಲವರಿಗೆ ಅದು ತಕ್ಕ ನಡತೆಯಾಗಿ ಕಾಣಲಿಲ್ಲ.

ಈ ಉತ್ಸಾಹಕ್ಕೆ ಕಡಿವಾಣ ಹಾಕಲು ಬಂದ ಮೊದಲ ಮಾತು ವೈದ್ಯರದೇ. 1890ರ ದಶಕದ ವೈದ್ಯಪತ್ರಿಕೆಗಳಲ್ಲಿ ‘ಸೈಕಲ್ ಹೃದಯ’ ಎಂಬ ಒಂದು ಕಾಯಿಲೆಯೇ ಹುಟ್ಟಿಕೊಂಡಿತು. ಏರು ಹತ್ತುವಾಗಿನ ಶ್ರಮದಿಂದ ಹೃದಯದ ಸ್ನಾಯು ದಪ್ಪವಾಗಿ, ಬಡಿತ ತಪ್ಪಿ, ಕೊನೆಗೆ ಅದು ಸೋತುಹೋಗುತ್ತದೆಂಬುದು ಅವರ ವಾದವಾಗಿತ್ತು. ತ್ರಿಚಕ್ರವನ್ನು ಹೊಗಳಿದ್ದ ರಿಚರ್ಡ್‌ಸನ್‌ರೇ ಸೈಕಲ್ ಸವಾರಿ ಹೃದಯದ ಮೇಲೆ ಹಾಕುವ ಹೊರೆಯನ್ನು ಕುರಿತು ತಮ್ಮ ಕೊನೆಯ ವರ್ಷಗಳಲ್ಲಿ ಎಚ್ಚರಿಸಿ ಬರೆದರು. ಎದೆ ಹಿಡಿದಂತಾಗುತ್ತದೆ ಎಂದು ವೈದ್ಯರ ಬಳಿ ಹೋದ ಅರವತ್ತರ ಸವಾರನಿಗೆ ಸೈಕಲ್ ಬಿಡಿಸುವುದು ಅಲ್ಲಿಂದ ಮುಂದೆ ಬಹುಕಾಲ ನಡೆದ ರೂಢಿಯಾಯಿತು. ಈ ರೂಢಿ ತಿರುಗಿದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ: 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಚಿಕಿತ್ಸೆಗೆ ಕರೆಸಲ್ಪಟ್ಟ ಹೃದ್ರೋಗತಜ್ಞ ಪಾಲ್ ಡಡ್ಲಿ ವೈಟ್, ಹೃದಯ ನೊಂದವನು ಹಾಸಿಗೆ ಹಿಡಿಯಬೇಕೆಂಬ ಹಳೆಯ ನಂಬಿಕೆಯನ್ನು ಒಪ್ಪದೆ, ನಡಿಗೆಯನ್ನೂ ಸೈಕಲ್ಲನ್ನೂ ಔಷಧಿಯಂತೆ ಸೂಚಿಸಿದವರು, ತಾವೂ ಇಳಿವಯಸ್ಸಿನಲ್ಲಿ ಸೈಕಲ್ ತುಳಿದವರು. ಅರವತ್ತು ವರ್ಷಗಳ ಅಂತರದಲ್ಲಿ ಒಂದೇ ಎದೆಗೆ ಒಂದೇ ಶಾಸ್ತ್ರ ಎರಡು ವಿರುದ್ಧ ಆಜ್ಞೆಗಳನ್ನು ಕೊಟ್ಟಿತು.

ಹೃದಯಕ್ಕಿಂತ ಮೊದಲು ಸೋಲುವುದು ತೊಡೆಯ ಸ್ನಾಯು ಮತ್ತು ಮೊಣಕಾಲು, ಅವುಗಳ ನೆರವಿಗೆ ಬಂದದ್ದು ಫ್ರೀವೀಲ್ ಮತ್ತು ಗೇರ್. ಫ್ರೀವೀಲ್ ಬರುವ ಮುನ್ನ ಚಕ್ರ ತಿರುಗುವಷ್ಟು ಕಾಲ ಪೆಡಲೂ ತಿರುಗುತ್ತಲೇ ಇದ್ದು, ಇಳಿಜಾರಿನಲ್ಲಿಯೂ ಕಾಲಿಗೆ ಬಿಡುವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಬಿಡುವು ಸಿಕ್ಕಿತು. 1902ರ ಸುಮಾರಿಗೆ ಇಂಗ್ಲೆಂಡಿನ ಸ್ಟರ್ಮಿ ಆರ್ಚರ್ ಗೇರುಗಳು ಹಿಂದಿನ ಚಕ್ರದ ಗುಂಬದೊಳಗೇ ಮೂರು ವೇಗಗಳನ್ನು ಅಡಗಿಸಿದವು, ಫ್ರಾನ್ಸಿನಲ್ಲಿ ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಜಾರಿಸುವ ಡಿರೇಲರ್ ಎಂಬ ಸಾಧನದ ಪ್ರಯೋಗಗಳು ನಡೆದವು. ಏರಿನಲ್ಲಿ ಕಡಿಮೆ ಬಲ ಹಾಕಿ ಹೆಚ್ಚು ಸುತ್ತು ತುಳಿಯಲು ಅನುವು ಮಾಡಿಕೊಡುವ ಈ ಸಾಧನವನ್ನು ಎಲ್ಲರಿಗಿಂತ ಜೋರಾಗಿ ಹೀಗಳೆದವನು ಹೆನ್ರಿ ದೆಗ್ರಾಂಜ್, ಮರುವರ್ಷವೇ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಪತ್ರಿಕಾ ಸಂಪಾದಕ. 1893ರಲ್ಲಿ ಒಂದು ಗಂಟೆಯಲ್ಲಿ 35.325 ಕಿಲೊಮೀಟರ್ ತುಳಿದು ಮೊದಲ ಅಧಿಕೃತ ಗಂಟೆ ದಾಖಲೆಯನ್ನು ಸ್ಥಾಪಿಸಿದ್ದ ಈತ, ಬದಲಾಗುವ ಗೇರು ನಲವತ್ತೈದು ದಾಟಿದವರಿಗೆ ಮಾತ್ರ ತಕ್ಕದ್ದೆಂದೂ, ಗಂಡಸಾದವನು ಸ್ನಾಯುಬಲದಿಂದಲೇ ಗೆಲ್ಲಬೇಕೆಂದೂ 1902ರಲ್ಲಿ ಬರೆದನು. ಆಗ ಅವನ ವಯಸ್ಸು 37.

ಈ ಒಂದು ತಿರಸ್ಕಾರದ ಪರಿಣಾಮ ಮೂರು ದಶಕಗಳನ್ನು ಮೀರಿ ಉಳಿಯಿತು. ಟೂರ್‌ನಲ್ಲಿ ಸ್ಪರ್ಧಿಗಳು ಡಿರೇಲರ್ ಬಳಸುವಂತಿರಲಿಲ್ಲ. ಹಿಂದಿನ ಚಕ್ರದ ಎರಡು ಬದಿಗೂ ಬೇರೆ ಬೇರೆ ಹಲ್ಲುಗಾಲಿಗಳನ್ನು ಹಾಕಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು ಚಕ್ರವನ್ನು ಕಳಚಿ ತಿರುಗಿಸಿ ಹಾಕುವುದೇ ಅವರಿಗಿದ್ದ ಗೇರು. ಪಂದ್ಯದ ನಿಯಮ ಪಂದ್ಯದೊಳಗೇ ನಿಲ್ಲಲಿಲ್ಲ, ಸುಲಭದ ಗೇರನ್ನು ಹಾಕುವವನು ಮುದುಕನೆಂಬ ಭಾವನೆಯಾಗಿ ಊರೂರಿಗೆ ಹರಡಿತು. ಹೀಗಾಗಿ ಮೊಣಕಾಲು ನೋಯತೊಡಗಿದ ಸಾಮಾನ್ಯ ಸವಾರನ ಮುಂದೆ ಎರಡೇ ದಾರಿಗಳುಳಿದವು: ಮುಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡು ಗೇರು ಹಾಕಿಸುವುದು, ಇಲ್ಲವೇ ಮಾನ ಉಳಿಸಿಕೊಂಡು ಸೈಕಲ್ಲನ್ನೇ ಬಿಡುವುದು. ಶಸ್ತ್ರಚಿಕಿತ್ಸೆಗೊಳಗಾಗಿ ಸೋತಿದ್ದ ದೆಗ್ರಾಂಜ್ 1936ರಲ್ಲಿ ಪಂದ್ಯದ ಹೊಣೆಯನ್ನು ಜಾಕ್ ಗೊದೆಗೆ ಒಪ್ಪಿಸಿದನು. 1937ರಲ್ಲಿ ಟೂರ್‌ನಲ್ಲಿ ಡಿರೇಲರ್‌ಗೆ ಅನುಮತಿ ದೊರೆಯಿತು. ದೆಗ್ರಾಂಜನ ದೇಹ ದಣಿದ ಮೇಲಷ್ಟೇ ಉಳಿದವರ ಮೊಣಕಾಲುಗಳಿಗೆ ಬಿಡುಗಡೆ ಸಿಕ್ಕಿತೆಂದು ಹೇಳಿದರೆ ಅದು ಪೂರ್ತಿ ಅನ್ಯಾಯವಾಗಲಾರದು.

ಈ ವಾಗ್ವಾದದ ಇನ್ನೊಂದು ಕಡೆಯಲ್ಲಿದ್ದವನು ಸೇಂಟ್ ಎಟಿಯನ್ ಪಟ್ಟಣದ ಪಾಲ್ ದ ವಿವಿ, ‘ವೆಲೊಸಿಯೊ’ ಎಂಬ ಅಂಕಿತದಲ್ಲಿ ಬರೆಯುತ್ತಿದ್ದವನು. 1853ರಲ್ಲಿ ಹುಟ್ಟಿ, ರೇಷ್ಮೆ ವ್ಯಾಪಾರದಲ್ಲಿದ್ದು, ಮೂವತ್ತರ ಹೊಸ್ತಿಲಲ್ಲಿ ಸೈಕಲ್ ಹುಚ್ಚು ಹತ್ತಿಸಿಕೊಂಡ ಈತ 1887ರಿಂದ ಪತ್ರಿಕೆಯೊಂದನ್ನು ನಡೆಸುತ್ತಾ, ಸುತ್ತಲಿನ ಗುಡ್ಡಗಾಡಿನಲ್ಲಿ ತನ್ನ ದೇಹದ ಮೇಲೆಯೇ ಗೇರುಗಳ ಪ್ರಯೋಗ ಮಾಡಿದನು. ದಣಿವಾಗುವ ಮೊದಲೇ ವಿಶ್ರಮಿಸಬೇಕು, ಹಸಿವಾಗುವ ಮೊದಲೇ ತಿನ್ನಬೇಕು, ಜಂಬಕ್ಕಾಗಿ ಎಂದೂ ತುಳಿಯಬಾರದು ಎಂಬ ಅರ್ಥದ ಅವನ ನಿಯಮಗಳು ಫ್ರೆಂಚ್ ಸೈಕಲ್ ಪ್ರವಾಸಿಗಳಿಗೆ ಇಂದಿಗೂ ಪರಿಚಿತ. ಬಲ ಕುಂದಿದಂತೆ ಗೇರನ್ನು ತಗ್ಗಿಸುತ್ತಾ ಹೋದರೆ ಸವಾರಿಯನ್ನು ಬಿಡುವ ಪ್ರಮೇಯವೇ ಬಾರದೆಂಬುದು ಅವನ ನಂಬಿಕೆಯ ತಿರುಳಾಗಿತ್ತು, ಮತ್ತು ಅವನ ಮಟ್ಟಿಗೆ ಅದು ನಿಜವೂ ಆಯಿತು. 1930ರಲ್ಲಿ ಟ್ರಾಮ್ ಬಡಿದು 76ನೆಯ ವಯಸ್ಸಿನಲ್ಲಿ ಅವನು ಸತ್ತಾಗ ಅವನಿನ್ನೂ ಸೈಕಲ್ ಸವಾರನೇ. ದೇಹಕ್ಕೆ ಅವನು ಕಂಡುಕೊಂಡ ಉಪಾಯ ದಾರಿಯ ಮೇಲಿನ ಇತರ ವಾಹನಗಳಿಗೆ ಉತ್ತರವಾಗಲಿಲ್ಲ.

ಇಂಗ್ಲೆಂಡಿನ ಇನ್ನೊಂದು ಯಂತ್ರ, ರೋಡ್‌ಸ್ಟರ್ ಎಂಬ 28 ಅಂಗುಲ ಚಕ್ರದ ಗಟ್ಟಿ ಸೈಕಲ್, ರಾಲೆ, ಹರ್ಕ್ಯುಲಿಸ್, ಬಿ.ಎಸ್.ಎ. ಹೆಸರುಗಳಲ್ಲಿ ಭಾರತಕ್ಕೆ ಬಂದಿತು, ಸ್ವಾತಂತ್ರ್ಯಾನಂತರ ಮದರಾಸಿನ ಟಿ.ಐ., ಸೋನೆಪತ್‌ನ ಅಟ್ಲಾಸ್, ಲೂಧಿಯಾನದ ಹೀರೊ ಕಾರ್ಖಾನೆಗಳಲ್ಲಿ ಅದೇ ಅಚ್ಚಿನಲ್ಲಿ ತಯಾರಾಗತೊಡಗಿತು. ಹುಟ್ಟಿದ ದೇಶದಲ್ಲಿ ಸೈಕಲ್ಲು ಹಗುರವಾಗುತ್ತಾ, ಗೇರು ಪಡೆಯುತ್ತಾ ಹೋದರೂ ಇಲ್ಲಿ ಅದು ದಶಕಗಳ ಕಾಲ ಬದಲಾಗಲಿಲ್ಲ. ಕೆಟ್ಟ ರಸ್ತೆ, ಭಾರಿ ಹೊರೆ, ಊರಿನ ರಿಪೇರಿ ಅಂಗಡಿಯಲ್ಲಿ ಸಿಗುವ ಬಿಡಿಭಾಗ ಇವೆಲ್ಲಕ್ಕೂ ಅದೇ ಸರಿಹೊಂದುತ್ತಿತ್ತು. ಸುಮಾರು ಇಪ್ಪತ್ತು ಕಿಲೊ ತೂಗುವ, ಗೇರಿಲ್ಲದ ಈ ಸೈಕಲ್ಲಿನಲ್ಲಿ ವಯಸ್ಸಾದವರನ್ನು ಮೊದಲು ಸೋಲಿಸುತ್ತಿದ್ದುದು ತುಳಿಯುವ ಶ್ರಮಕ್ಕಿಂತ ಹತ್ತಿ ಇಳಿಯುವ ಕ್ರಮ. ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಎರಡು ಮೂರು ಸಲ ಒದ್ದು, ಓಟ ಸಿಕ್ಕ ಕೂಡಲೇ ಆ ಕಾಲನ್ನು ಹಿಂದಿನಿಂದ ಎತ್ತಿ ಕ್ಯಾರಿಯರ್ ದಾಟಿಸಿ ಆಚೆ ಪೆಡಲಿಗೆ ತರಬೇಕಾಗಿತ್ತು. ಕ್ಯಾರಿಯರ್ ಮೇಲೆ ಹಾಲಿನ ಕ್ಯಾನೋ ಹುಲ್ಲಿನ ಹೊರೆಯೋ ಇದ್ದರೆ ಕಾಲನ್ನು ಮುಂದಿನ ಬಾರಿನ ಮೇಲಿಂದ ದಾಟಿಸುವ ಇನ್ನೂ ಕಷ್ಟದ ಕಸರತ್ತು. ಬಾರಿಲ್ಲದ, ಕಾಲನ್ನು ಎತ್ತದೆ ಒಳಗಿಡಬಹುದಾದ ಸೈಕಲ್ ಅದೇ ಅಂಗಡಿಯಲ್ಲಿ ಸಿಗುತ್ತಿತ್ತು, ಆದರೆ ಅದರ ಹೆಸರು ‘ಲೇಡೀಸ್ ಸೈಕಲ್’. ಸೊಂಟ ಹಿಡಿದುಕೊಂಡ ಅರವತ್ತರ ಗಂಡಸು ಅದನ್ನು ಕೊಳ್ಳುವುದಕ್ಕಿಂತ ನಡೆದು ಹೋಗುವುದನ್ನೇ ಆರಿಸಿಕೊಂಡದ್ದು, ದೆಗ್ರಾಂಜ್ ಎಂಬವನ ಹೆಸರನ್ನೇ ಕೇಳದ ಊರುಗಳಲ್ಲಿಯೂ ಅವನ ತರ್ಕವೇ ನಡೆಯುತ್ತಿತ್ತೆಂಬುದನ್ನು ತೋರಿಸುತ್ತದೆ.

ಕರ್ನಾಟಕದ ಪಟ್ಟಣಗಳಲ್ಲಿ ಸಂಬಳವಿದ್ದವರಿಗೆ ಇನ್ನೊಂದು ದಾರಿ ತೆರೆಯಿತು. 1972ರಲ್ಲಿ ಬಂದ ಲೂನಾ, 1980ರಲ್ಲಿ ಬೆಂಗಳೂರಿಗೆ ಹತ್ತಿರದ ಹೊಸೂರಿನ ಕಾರ್ಖಾನೆಯಿಂದ ಬಂದ ಟಿವಿಎಸ್ 50 ಮೊಪೆಡ್‌ಗಳಿಗೆ ಪೆಡಲೂ ಇತ್ತು, ಮೋಟಾರೂ ಇತ್ತು. ಮೇಷ್ಟರು, ಗುಮಾಸ್ತರು ನಡುವಯಸ್ಸಿನಲ್ಲಿ ಸೈಕಲ್ ಬಿಟ್ಟು ಇವುಗಳಿಗೆ ಬದಲಾದಾಗ ಅದು ಸೋಲಾಗಿ ಕಾಣದೆ ಬಡ್ತಿಯಾಗಿ ಕಂಡಿತು. ಸೈಕಲ್ಲೇ ಅನ್ನದ ದಾರಿಯಾಗಿದ್ದವರ ಕಥೆ ಬೇರೆ. ಮನೆಮನೆಗೆ ಹಾಲು ಹಾಕುವವರು, ಕತ್ತಿ ಸಾಣೆ ಹಿಡಿಯುವವರು, ಪಾತ್ರೆ, ಸೀರೆ, ಸೊಪ್ಪು ಮಾರುವವರು ಸೈಕಲ್ ತುಳಿಯಲಾಗದ ದಿನ ವ್ಯಾಪಾರವನ್ನೇ ಬಿಡಬೇಕಾಗುತ್ತಿತ್ತು. ವಯಸ್ಸಿಗೂ ಸೈಕಲ್ಲಿಗೂ ಸರ್ಕಾರಿ ಕಾಗದದಲ್ಲಿ ಗಂಟು ಬಿದ್ದಿರುವ ಅಪರೂಪದ ಕಸುಬೆಂದರೆ ಹಳ್ಳಿಯ ಅಂಚೆ. ಗ್ರಾಮೀಣ ಡಾಕ್ ಸೇವಕರ ನೇಮಕಾತಿಗೆ ಸೈಕಲ್ ಸವಾರಿ ಬರಬೇಕೆಂಬ ಷರತ್ತಿದೆ, ಮೋಟಾರು ಬೈಕ್ ಓಡಿಸಲು ಬಂದರೆ ಅದನ್ನೂ ಸೈಕಲ್ ಜ್ಞಾನವೆಂದೇ ಪರಿಗಣಿಸಲಾಗುತ್ತದೆ. ಅವರು ಕೆಲಸದಿಂದ ಬಿಡುಗಡೆಯಾಗುವುದು 65ಕ್ಕೆ. ಅಂದರೆ ಅರವತ್ತಕ್ಕೆ ನಿವೃತ್ತನಾಗುವ ಪಟ್ಟಣದ ಪೋಸ್ಟ್‌ಮನ್‌ಗಿಂತ ಐದು ವರ್ಷ ಹೆಚ್ಚು ಕಾಲ, ಅವನಿಗಿಂತ ಕೆಟ್ಟ ದಾರಿಯಲ್ಲಿ, ಹಳ್ಳಿಯ ಅಂಚೆಯವನು ಸವಾರಿ ಮಾಡಬಲ್ಲನೆಂದು ಇಲಾಖೆ ಊಹಿಸಿಕೊಂಡಿದೆ.

ಇಳಿಯುವ ವಯಸ್ಸನ್ನು ಅತ್ಯಂತ ದೂರಕ್ಕೆ ತಳ್ಳಿದ ದೇಶ ನೆದರ್‌ಲ್ಯಾಂಡ್ಸ್. ನೆಲ ಸಮತಟ್ಟಾಗಿರುವುದು, 1970ರ ದಶಕದ ನಂತರ ಮೋಟಾರುಗಳಿಂದ ಬೇರ್ಪಡಿಸಿದ ಸೈಕಲ್ ದಾರಿಗಳು ಬೆಳೆದದ್ದು ಇದಕ್ಕೆ ತಳಹದಿ. ಅಲ್ಲಿ ಬಾರಿಲ್ಲದ ಸೈಕಲ್ಲನ್ನು ಗಂಡಸರೂ ಇಳಿವಯಸ್ಸಿನಲ್ಲಿ ತುಳಿಯುತ್ತಾರೆ, ತಯಾರಕರು ಅದನ್ನು ‘ತಗ್ಗಿನ ಪ್ರವೇಶ’ದ ಸೈಕಲ್ಲೆಂದು ಮಾರುವುದರಿಂದ ಹೆಂಗಸರದೆಂಬ ಹಣೆಪಟ್ಟಿ ಅಂಟಿಕೊಂಡಿಲ್ಲ. ಜಪಾನಿನ ಯಮಾಹಾ ಕಂಪನಿ 1993ರಲ್ಲಿ ಮಾರುಕಟ್ಟೆಗೆ ತಂದ, ತುಳಿತಕ್ಕೆ ತಕ್ಕಷ್ಟು ಮೋಟಾರಿನ ನೆರವು ಕೊಡುವ ಸೈಕಲ್ಲಿನ ತತ್ವವನ್ನು ಡಚ್ ಕಂಪನಿಗಳೂ ಕೈಗೆತ್ತಿಕೊಂಡವು. 2003ರಲ್ಲಿ ಸ್ಪಾರ್ಟಾ ಕಂಪನಿ ಬ್ಯಾಟರಿಯನ್ನು ಚೌಕಟ್ಟಿನೊಳಗೇ ಅಡಗಿಸಿದ ಮಾದರಿಯನ್ನು ಹೊರತಂದು ಗೆದ್ದಿತು. ಬ್ಯಾಟರಿ ಕಣ್ಣಿಗೆ ಬೀಳದಂತಿದ್ದುದು ಆ ಗೆಲುವಿಗೆ ಕಡಿಮೆ ಕಾರಣವಾಗಿರಲಿಕ್ಕಿಲ್ಲ; ಮೋಟಾರಿನ ನೆರವಿರುವ ಸೈಕಲ್ ಮುದುಕರದೆಂಬ ಮಾತು ಆಗ ಅಲ್ಲಿಯೂ ಬಲವಾಗಿತ್ತು.

ಆದರೆ ಮೋಟಾರು ಕಾಲಿಗೆ ಬಲ ಕೊಡುತ್ತದೆಯೇ ಹೊರತು ಕಣ್ಣಿಗೆ, ಕತ್ತಿಗೆ, ಮೂಳೆಗೆ ಕೊಡುವುದಿಲ್ಲ. ಹಿಂದಿನಿಂದ ಬರುವ ವಾಹನವನ್ನು ನೋಡಲು ಕತ್ತು ಹೊರಳಿಸಲಾಗದವರು, ಬಿದ್ದರೆ ಸೊಂಟದ ಮೂಳೆ ಮುರಿಯುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವುದರಿಂದ ತಲೆಗೆ ಬಿದ್ದ ಸಣ್ಣ ಪೆಟ್ಟಿನಿಂದಲೂ ಅಪಾಯಕ್ಕೊಳಗಾಗುವವರು ಮೊದಲಿಗಿಂತ ಹೆಚ್ಚು ವೇಗದಲ್ಲಿ ಸಾಗತೊಡಗಿದರು. 2017ರಲ್ಲಿ ನೆದರ್‌ಲ್ಯಾಂಡ್ಸ್‌ನ ರಸ್ತೆಗಳಲ್ಲಿ ಸತ್ತ ಸೈಕಲ್ ಸವಾರರ ಸಂಖ್ಯೆ 206, ಕಾರಿನಲ್ಲಿದ್ದು ಸತ್ತವರ ಸಂಖ್ಯೆ 201; ಸೈಕಲ್ಲಿನ ಸಾವುಗಳು ಕಾರಿನ ಸಾವುಗಳನ್ನು ಮೀರಿದ್ದು ಅದೇ ಮೊದಲು. ವಿದ್ಯುತ್ ಸೈಕಲ್ಲಿನ ಮೇಲೆ ಸತ್ತ 57 ಜನರಲ್ಲಿ ಬಹುಪಾಲು 65 ದಾಟಿದವರು. ವೃದ್ಧರ ಬೀಳುವಿಕೆಗಳಲ್ಲಿ ಅನೇಕವು ಹತ್ತುವಾಗ ಇಳಿಯುವಾಗಲೇ ಆಗುತ್ತವೆಂಬುದನ್ನು ಗಮನಿಸಿ, ಟ್ವೆಂಟೆ ವಿಶ್ವವಿದ್ಯಾಲಯದ ಸಂಶೋಧಕರು 2010ರ ದಶಕದಲ್ಲಿ ನಿಲ್ಲುವ ಹೊತ್ತಿಗೆ ಸೀಟು ತಾನಾಗಿ ಕೆಳಗಿಳಿಯುವ ಸೈಕಲ್ಲೊಂದನ್ನು ರೂಪಿಸಿದರು. 2018ರಲ್ಲಿ ಅಲ್ಲಿನ ಸರ್ಕಾರವು ನೂರು ವರ್ಷದವರೆಗೂ ಸುರಕ್ಷಿತವಾಗಿ ತುಳಿಯಿರಿ ಎಂಬ ಆಶಯದ ಕಾರ್ಯಕ್ರಮವನ್ನು ಆರಂಭಿಸಿತು. ಇಷ್ಟೊಂದು ಸಾವುಗಳನ್ನು ಕಂಡ ಮೇಲೂ ಇಳಿಯಿರಿ ಎನ್ನದೆ ತುಳಿಯುತ್ತಲೇ ಇರಿ ಎಂದು ಸರ್ಕಾರವೇ ಹೇಳುವುದು ಸೈಕಲ್ಲಿನ ಚರಿತ್ರೆಯಲ್ಲಿ ಹೊಸದು.

ಅದೇ ದೇಶದಲ್ಲಿ ಸೈಕಲ್ ಬಿಡುವಿಕೆಯು ರೋಗಪರೀಕ್ಷೆಯ ಸಾಧನವೂ ಆಯಿತು. ನೈಮೆಗನ್ ಪಟ್ಟಣದ ನರರೋಗತಜ್ಞರು 2010ರಲ್ಲಿ ಹತ್ತು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆಯಿದ್ದ 58 ವರ್ಷದ ರೋಗಿಯೊಬ್ಬರನ್ನು ಕುರಿತು ವರದಿ ಮಾಡಿದರು: ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾಲು ನೆಲಕ್ಕೆ ಅಂಟಿದಂತಾಗಿ ಬೀಳುತ್ತಿದ್ದ ಆತ ಸೈಕಲ್ ಮೇಲೆ ಕೂರಿಸಿದಾಗ ಸರಾಗವಾಗಿ ತುಳಿದು, ತಿರುಗಿಸಿಕೊಂಡು ಬಂದರು. ಮುಂದಿನ ವರ್ಷ ಅದೇ ತಂಡದವರು ಇನ್ನೊಂದನ್ನು ತೋರಿಸಿದರು. ಪಾರ್ಕಿನ್ಸನ್‌ನಂತೆಯೇ ಕಾಣುವ, ಆದರೆ ಸಮತೋಲವನ್ನು ಬೇಗ ಕೆಡಿಸುವ ಬೇರೆ ಕೆಲವು ಕಾಯಿಲೆಗಳಲ್ಲಿ ರೋಗಿಗಳು ಆರಂಭದಲ್ಲೇ ಸೈಕಲ್ ಬಿಟ್ಟಿರುತ್ತಾರೆ, ಆದ್ದರಿಂದ ‘ಈಗಲೂ ಸೈಕಲ್ ತುಳಿಯುತ್ತೀರಾ?’ ಎಂಬ ಒಂದು ಪ್ರಶ್ನೆಯಿಂದಲೇ ವೈದ್ಯರಿಗೆ ಸುಳಿವು ಸಿಗುತ್ತದೆ. ಬಹುತೇಕ ಎಲ್ಲರೂ ಸೈಕಲ್ ತುಳಿಯುವ ಸಮಾಜದಲ್ಲಿ ಮಾತ್ರ ಈ ಪ್ರಶ್ನೆಗೆ ಅರ್ಥವಿದೆ. ನಲವತ್ತಕ್ಕೇ ಸೈಕಲ್ ಬಿಟ್ಟು ಮೊಪೆಡ್ ಹತ್ತಿದ ಊರಿನಲ್ಲಿ ಅದನ್ನು ಕೇಳಿ ತಿಳಿಯುವುದೇನೂ ಇಲ್ಲ.

ವೈದ್ಯರೂ ಮುಪ್ಪೂ ಎದುರುಬದುರಾದ ಅತ್ಯಂತ ಪ್ರಸಿದ್ಧ ಪ್ರಸಂಗ ಫ್ರಾನ್ಸಿನ ರೊಬೇರ್ ಮಾರ್ಶಾನ್‌ರದು. 1911ರಲ್ಲಿ ಹುಟ್ಟಿ, ಅಗ್ನಿಶಾಮಕ ದಳದಲ್ಲಿ ದುಡಿದು, ವೆನೆಜುವೆಲಾ, ಕೆನಡಾಗಳಲ್ಲಿ ಬದುಕಿ ಮರಳಿದ ಇವರು ಯೌವನದಲ್ಲಿ ಬಿಟ್ಟಿದ್ದ ಸೈಕಲ್ಲನ್ನು ಮತ್ತೆ ಹಿಡಿದದ್ದು 67ನೆಯ ವಯಸ್ಸಿನಲ್ಲಿ. 2012ರಲ್ಲಿ, ನೂರು ತುಂಬಿದ ಮೇಲೆ, ಗಂಟೆಗೆ 24.251 ಕಿಲೊಮೀಟರ್ ತುಳಿದರು. 2014ರಲ್ಲಿ ಅದನ್ನು 26.927ಕ್ಕೆ ಏರಿಸಿದರು. ಈ ಎರಡು ವರ್ಷಗಳಲ್ಲಿ ಅವರನ್ನು ಪರೀಕ್ಷಿಸಿದ ಶರೀರಶಾಸ್ತ್ರಜ್ಞೆ ವೆರೊನಿಕ್ ಬಿಯಾ, ದೇಹವು ಗರಿಷ್ಠ ಶ್ರಮದಲ್ಲಿ ಬಳಸಿಕೊಳ್ಳಬಲ್ಲ ಆಮ್ಲಜನಕದ ಪ್ರಮಾಣ, ಸಾಮಾನ್ಯವಾಗಿ ವಯಸ್ಸಿನೊಡನೆ ಇಳಿಯುವಂಥದ್ದು, ಅವರಲ್ಲಿ ತರಬೇತಿಯಿಂದ ಶೇಕಡಾ 13ರಷ್ಟು ಏರಿದ್ದನ್ನು ಕಂಡುಕೊಂಡರು. 2017ರಲ್ಲಿ, 105ನೆಯ ವಯಸ್ಸಿನಲ್ಲಿ, 22.547 ಕಿಲೊಮೀಟರ್ ತುಳಿದ ಮಾರ್ಶಾನ್ ಮರುವರ್ಷ ವೈದ್ಯರ ಸಲಹೆಯ ಮೇರೆಗೆ ದಾಖಲೆಗಳ ಹಾದಿಯನ್ನು ಬಿಟ್ಟರು, ಮನೆಯೊಳಗಿನ ನಿಂತ ಸೈಕಲ್ಲನ್ನು ಬಿಡಲಿಲ್ಲ. 2021ರಲ್ಲಿ 109ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂಥ ಒಬ್ಬರನ್ನು ಮುಂದಿಟ್ಟುಕೊಂಡು ಎಪ್ಪತ್ತಕ್ಕೆ ಸೈಕಲ್ ಬಿಟ್ಟವರನ್ನು ಮೂದಲಿಸುವ ಚಾಳಿ ಪತ್ರಿಕೆಗಳಲ್ಲಿದೆ. ಅದು ದೆಗ್ರಾಂಜನ ಜಂಬದ್ದೇ ಇನ್ನೊಂದು ಮುಖ.

ಬಿಟ್ಟವರನ್ನು ಬಿಟ್ಟವರೆಂದೇ ಒಪ್ಪಿಕೊಂಡು ಅವರಿಗಾಗಿ ಏನನ್ನಾದರೂ ಮಾಡಿದ ಪ್ರಯತ್ನ ಡೆನ್ಮಾರ್ಕಿನದು. 2012ರಲ್ಲಿ ಕೋಪನ್‌ಹೇಗನ್‌ನ ಓಲೆ ಕಾಸೊ ಎಂಬವರು, ಮುಂದುಗಡೆ ಇಬ್ಬರು ಕುಳಿತುಕೊಳ್ಳಬಹುದಾದ ತ್ರಿಚಕ್ರ ಸೈಕಲ್ ರಿಕ್ಷಾವನ್ನು ಬಾಡಿಗೆಗೆ ಪಡೆದು, ವೃದ್ಧಾಶ್ರಮಕ್ಕೆ ಹೋಗಿ ಅಲ್ಲಿದ್ದವರನ್ನು ಊರು ಸುತ್ತಿಸಲು ಆರಂಭಿಸಿದರು. ಜೀವಮಾನವೆಲ್ಲ ಸೈಕಲ್ ತುಳಿದು, ಕೊನೆಗೆ ಕೋಣೆಯೊಳಗೆ ಉಳಿದಿದ್ದವರು ಇವರ ಪ್ರಯಾಣಿಕರು. ನಗರಸಭೆ ಕೆಲವೇ ತಿಂಗಳಲ್ಲಿ ಐದು ರಿಕ್ಷಾಗಳನ್ನು ಕೊಳ್ಳಲು ನೆರವಾಯಿತು, ಮುಂದೆ ಈ ಚಳವಳಿ ಹತ್ತಾರು ದೇಶಗಳಿಗೆ ಹಬ್ಬಿತು. ಹೊಟ್ಟೆಪಾಡಿಗಾಗಿ ಸೈಕಲ್ ರಿಕ್ಷಾ ತುಳಿದು ಎದೆ ಸವೆಸಿಕೊಳ್ಳುವ ಬಡವರನ್ನು ಕಂಡ ಭಾರತೀಯರ ಕಣ್ಣಿಗೆ ಈ ದೃಶ್ಯ ವಿಚಿತ್ರವಾಗಿ ಕಂಡೀತು. ಅಲ್ಲಿ ತುಳಿಯುವವರು ಸಂಬಳವಿಲ್ಲದ ಸ್ವಯಂಸೇವಕರು, ಅವರನ್ನು ‘ಪೈಲಟ್’ ಎಂದು ಕರೆಯುತ್ತಾರೆ. ಹಗಲು ಹೊತ್ತಿನಲ್ಲಿ ಬಿಡುವಿರುವವರು ಬೇಕಾದ್ದರಿಂದ ಪೈಲಟ್‌ಗಳಲ್ಲಿ ನಿವೃತ್ತರು ಬಹಳ ಜನ, ಅರವತ್ತು ಎಪ್ಪತ್ತರ ವಯಸ್ಸಿನವರು. ಇಬ್ಬರು ಪ್ರಯಾಣಿಕರ ಭಾರವನ್ನು ಏರಿನಲ್ಲಿ ಎಳೆಯಲು ಅವರ ಕಾಲುಗಳೂ ಸಾಲದಾದ್ದರಿಂದ ಈ ರಿಕ್ಷಾಗಳಿಗೆ ಈಗ ಸಾಮಾನ್ಯವಾಗಿ ವಿದ್ಯುತ್ ಮೋಟಾರನ್ನೂ ಜೋಡಿಸಿರುತ್ತಾರೆ.